ಬೆನಕಪ್ಪನವರು ಬಿಚ್ಚದ ಹಂದರ

ಶಿಕಾರಿಪುರದ ನಮ್ಮ ಓಣಿಯಲ್ಲಿ ಮದುವೆಯ ಹಂದರವನ್ನು ಐದನೆಯ ದಿನಕ್ಕೆ ಬಿಚ್ಚತಕ್ಕದ್ದು ಎಂಬ ನಿಯಮ ಯಾವ ಕಾಗದದಲ್ಲೂ ಇರಲಿಲ್ಲ. ಆದ್ದರಿಂದಲೇ ಅದನ್ನು ಯಾರೂ ಮೀರಿರಲಿಲ್ಲ. ಕಾಗದದಲ್ಲಿದ್ದ ನಿಯಮಗಳನ್ನು ಮೀರಿದವರು ಬೇಕಾದಷ್ಟು ಜನ ಇದ್ದರು. ಹಂದರದ ಮಾತು ಬೇರೆ. ಓಣಿಯ ಇಪ್ಪತ್ತೆರಡು ಮನೆಗೂ ಸೇರಿ ಇದ್ದದ್ದು ಒಂದೇ ಹಂದರದ ಸಾಮಾನು: ಹದಿನಾರು ಕಂಬ, ಮೂವತ್ತಾರು ಬಿದಿರಿನ ಗಳ, ಅಡಿಕೆ ದಬ್ಬೆಯ ತಟ್ಟಿಗಳು, ಒಂದು ಗಂಟು ಹಗ್ಗ. ಒಂದು ಮನೆಯ ಮದುವೆ ಮುಗಿದೊಡನೆ ಅದು ಮುಂದಿನ ಮದುವೆಯ ಮನೆಗೆ ಹೋಗಬೇಕು. ಹಾಗಾಗಿ ಯಾರ ಮನೆಯ ಮುಂದೆ ಹಂದರ ನಿಂತಿದೆಯೋ ಆ ಮನೆಯಲ್ಲಿ ಮದುವೆ ಇದೆ. ಇದು ಎಳೆಕೂಸಿಗೂ ಗೊತ್ತಿದ್ದ ಸತ್ಯ.

ಹೊಸ ಪೈಸೆ ಚಲಾವಣೆಗೆ ಬಂದ ಮರುವರ್ಷ ಈ ಸತ್ಯಕ್ಕೆ ಧಕ್ಕೆ ತಂದವರು ತಾಲೂಕು ಕಚೇರಿಯ ಗುಮಾಸ್ತ ಬೆನಕಪ್ಪನವರು. ಬಾಯಲ್ಲಿ ಅರ್ಧ ವಾಕ್ಯ ಮಾತಾಡಿ, ಕಾಗದದ ಮೇಲೆ ಪೂರ್ತಿ ವಾಕ್ಯ ಬರೆಯುವ ಜಾತಿಯ ಮನುಷ್ಯ. ಅವರಿಗೆ ಒಬ್ಬಳೇ ಮಗಳು, ನೀಲಾಂಬಿಕ. ಆಕೆಯನ್ನು ಸೊರಬ ತಾಲೂಕಿನ ಜಡೆಗೆ ಕೊಟ್ಟು, ಓಣಿಯ ಹಂದರದಲ್ಲೇ ಮದುವೆ ಮಾಡಿ, ಬಸ್ಸು ಹತ್ತಿಸಿ ಬಂದರು.

ಬಸ್ಸು ತಿರುವಿನಲ್ಲಿ ಮರೆಯಾದಾಗಿನಿಂದ ಅವರ ಹೆಂಡತಿ ರಾಜೇಶ್ವರಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತವರು ಮಾತೂ ಆಡಲಿಲ್ಲ, ಸರಿಯಾಗಿ ಊಟವನ್ನೂ ಮಾಡಲಿಲ್ಲ. ನಾಲ್ಕು ದಿನಕ್ಕೆ ಒಟ್ಟು ಒಂದೂವರೆ ರೊಟ್ಟಿ. ಬೆನಕಪ್ಪನವರು ತಮಗೆ ತಿಳಿದ ಒಂದೇ ಸಮಾಧಾನವಾದ ಮಿರ್ಚಿ ಮಂಡಕ್ಕಿಯನ್ನು ಪೇಟೆಯಿಂದ ಕಟ್ಟಿಸಿಕೊಂಡು ಬಂದರು. ಅದನ್ನು ಅವರೇ ತಿನ್ನಬೇಕಾಯಿತು.

ಐದನೆಯ ದಿನ ಬೆಳಿಗ್ಗೆ ಹಂದರ ಬಿಚ್ಚಲು ಏಣಿ ಹತ್ತಿ ಮೊದಲ ಹಗ್ಗಕ್ಕೆ ಕೈ ಹಾಕಿದ್ದೇ ತಡ, ಜಗಲಿಯಿಂದ ಒಂದು ಕೂಗು ಬಂತು.

“ಕೈ ತೆಗೀರಿ!”

ನಾಲ್ಕು ದಿನದ ಮೇಲೆ ಬಂದ ಮೊದಲ ಮಾತು. ಬೆನಕಪ್ಪನವರು ಏಣಿಯಿಂದ ಬೀಳುವುದೊಂದು ಬಾಕಿ.

“ಅಲ್ ನೋಡ್ರಿ. ಹಾಲಗಂಬದ ಮ್ಯಾಲ, ತೋರಣದ ದಾರದಾಗ.”

ಮದುವೆಗೆ ಮೊದಲು ಪೂಜೆ ಮಾಡಿ ನೆಟ್ಟ ಆ ಕಂಬದ ಮೇಲೆ, ತೋರಣದ ಒಣಗಿದ ಮಾವಿನೆಲೆಗಳ ನಡುವೆ ಚಿಕ್ಕ ಚೀಲದಂಥ ಒಂದು ಹಕ್ಕಿಗೂಡು ತೂಗಾಡುತ್ತಿತ್ತು. ಮದುವೆಯ ಗದ್ದಲದಲ್ಲಿ, ವಾಲಗದವರ ನೆತ್ತಿಯ ಮೇಲೆ, ಯಾವಾಗ ಕಟ್ಟಿತೋ ದೇವರೇ ಬಲ್ಲ. ಪುಸ್ತಕದವರು ಆ ಹಕ್ಕಿಯನ್ನು ಸೂರಕ್ಕಿ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಹೆಬ್ಬೆರಳಿನಷ್ಟು ದೇಹಕ್ಕೆ ಹೆಸರು ಯಾಕೆ ಎಂದು ಬಿಟ್ಟಿದ್ದಿರಬೇಕು. ಗೂಡಿನಲ್ಲಿ ಜೇಡನ ಬಲೆ, ತೆಂಗಿನ ನಾರು, ಲಗ್ನಪತ್ರಿಕೆಯ ಚೂರು, ಬಾಸಿಂಗದ ಬೇಗಡೆ, ಎಲ್ಲವೂ ಇದ್ದವು. ಎಲ್ಲಕ್ಕೂ ಹೊರಗೆ ಒಂದು ಕೆಂಪು ರೇಷ್ಮೆ ಎಳೆ ಗಾಳಿಗೆ ಅಲುಗುತ್ತಿತ್ತು.

“ನೀಲಾನ ಸೀರಿ ಎಳಿ ರೀ ಅದು. ಸೆರಗಿಂದು,” ಎಂದರು ರಾಜೇಶ್ವರಮ್ಮ.

ಬೆನಕಪ್ಪನವರು ಇಣುಕಿ ನೋಡಿದರು. ಎರಡು ಮೊಟ್ಟೆ. ಅದನ್ನು ಹೇಳಿದ್ದೇ ರಾಜೇಶ್ವರಮ್ಮ ಎದ್ದು ಒಳಗೆ ಹೋಗಿ, ಒಲೆ ಹೊತ್ತಿಸಿ, ರೊಟ್ಟಿ ಬಡಿದು, ಜಗಲಿಗೆ ತಂದುಕೊಂಡು, ಗೂಡಿನ ಕಡೆ ನೋಡುತ್ತಾ ಮೂರು ರೊಟ್ಟಿ ತಿಂದರು. ನಾಲ್ಕು ದಿನ ತಾವು ಹೆಣಗಿದರೂ ಆಗದ್ದನ್ನು ಆ ಹಕ್ಕಿ ಅರ್ಧ ಗಳಿಗೆಯಲ್ಲಿ ಮಾಡಿತ್ತು. ಉಪಕಾರ ಮರೆಯುವ ಮನುಷ್ಯ ಬೆನಕಪ್ಪನವರಲ್ಲ. ಅಲ್ಲೇ ಏಣಿಯ ಮೇಲೆ ನಿಂತು, ಮರಿಗಳು ಹಾರಿಹೋಗುವ ತನಕ ಈ ಹಂದರದ ಒಂದು ಗಂಟನ್ನೂ ಬಿಚ್ಚುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟರು.

“ಆದ್ರ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಓಣೀ ಹುಡುಗ್ರು ಕವಣಿ ಹಿಡ್ಕಂಡು ಬಂದಾವು. ನೋಡಾಕ ಅಂತ ನಾಕು ಮಂದಿ ಬಂದ್ರೂ ಹಕ್ಕಿ ಗೂಡು ಬಿಟ್ಟು ಹೋಗತೈತಿ. ನನ್ನಾಣೆ.”

ಅನರ್ಥಕ್ಕೆಲ್ಲ ಈ ಆಣೆಯೇ ಮೂಲ.

ಎದುರುಮನೆಯ ಗುರುಮಲ್ಲಪ್ಪನವರು ಮಂಡಿ ವ್ಯಾಪಾರಸ್ಥರು. ಅವರ ಮಗಳ ಮದುವೆಗೆ ಇನ್ನು ಇಪ್ಪತ್ತಮೂರು ದಿನ. ಹಂದರದ ಸರದಿ ಅವರದು. ಏಳನೆಯ ದಿನ ಅವರು ರಸ್ತೆ ದಾಟಿ ಬಂದರು.

“ಬೆನಕಪ್ನೋರ, ಹಂದ್ರ ಯಾವಾಗ ಬಿಚ್ತೀರಿ?”

“ಬಿಚ್ಚೋಣ್ರಿ. ಇನ್ನೊಂದು ಸಣ್ಣ ಕಾರ್ಯ…”

“ಹಂದ್ರದಾಗಾ?”

“ಹೂಂ, ಹಂದ್ರದಾಗ.”

“ಏನ್ ಕಾರ್ಯ?”

“ಅದು ಹೇಳಂಗಿಲ್ರಿ. ರಾಜೇಶ್ವರಿ ಆಣಿ ಹಾಕ್ಯಾಳ.”

ಗುರುಮಲ್ಲಪ್ಪನವರು ಮನೆಗೆ ಹೋಗಿ ಹೆಂಡತಿ ಉಚ್ಚಂಗಮ್ಮನ ಮುಂದೆ ಇಷ್ಟನ್ನೂ ಒಪ್ಪಿಸಿದರು. ಉಚ್ಚಂಗಮ್ಮ ಅಕ್ಕಿ ಆರಿಸುತ್ತಾ ಲೆಕ್ಕ ಹಾಕಿದರು. ಹಂದರ ಇದೆ, ಅಂದರೆ ಮದುವೆ ಇದೆ. ಇದ್ದ ಒಬ್ಬ ಮಗಳ ಮದುವೆ ಆಗಿದೆ. ಗಂಡುಮಕ್ಕಳಿಲ್ಲ. ಅಳಿಯನಂತೂ ಆಗಲೇ ಆದವನು. ಆ ಮನೆಯಲ್ಲಿ ಉಳಿದದ್ದು ರಾಜೇಶ್ವರಮ್ಮ, ಒಂದು ಆಕಳು, ಮತ್ತು ಐವತ್ತೊಂದು ವರ್ಷದ ಬೆನಕಪ್ಪನವರು.

ಉಚ್ಚಂಗಮ್ಮನ ಕೈಯಿಂದ ಮೊರ ಜಾರಿತು.

ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಒಮ್ಮೆ ಗೊತ್ತಾದ ಮೇಲೆ ಪುರಾವೆಗಳಿಗೆ ಏನು ಬರ! ಬೆನಕಪ್ಪನವರು ಈಗ ದಿನವೂ ಹೊತ್ತು ಹುಟ್ಟುವುದರೊಳಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಬೀಗರು ಉಡುಗೊರೆ ಕೊಟ್ಟ ಜರಿ ಪಂಚೆ ಉಟ್ಟು ಹಂದರದ ಕೆಳಗೆ ಕೂತು ಮೇಲೆ ನೋಡುತ್ತಾ ತಮ್ಮಷ್ಟಕ್ಕೆ ನಗುತ್ತಿದ್ದರು. ಎರಡು ಸಲ ಸಿಳ್ಳೆ ಹಾಕಲು ಪ್ರಯತ್ನಿಸಿದ್ದನ್ನೂ ಕಂಡವರಿದ್ದರು. ದಾಸವಾಳದ ಗಿಡಗಳನ್ನು ಕುಂಡದಲ್ಲಿ ತಂದು ಹಂದರದ ಸುತ್ತ ಇಟ್ಟರು. ಅಂಗಡಿಗೆ ಹೋಗಿ ನಯವಾದ ಬೂರುಗದ ಹತ್ತಿ ಕೇಳಿದರು.

“ಹಾಸಿಗಿಗೇನ್ರೀ?” ಎಂದ ಅಂಗಡಿಯವನು.

“ಹೂಂ. ಸಣ್ಣ ಹಾಸಿಗಿ. ಎರಡಕ್ಕ ಸಾಕಾಗುವಷ್ಟು,” ಎಂದರು ಬೆನಕಪ್ಪನವರು, ಸುಳ್ಳು ಹೇಳಲು ಬಾರದೆ.

ಇದನ್ನೆಲ್ಲ ಕೇಳಿ ಉಚ್ಚಂಗಮ್ಮನಿಗೆ ತಡೆಯಲಾಗಲಿಲ್ಲ. ಹನ್ನೆರಡನೆಯ ದಿನ ಬಾವಿಕಟ್ಟೆಯಲ್ಲಿ ರಾಜೇಶ್ವರಮ್ಮನ ಕೈ ಹಿಡಿದುಕೊಂಡರು.

“ನಮಗೆಲ್ಲಾ ಗೊತ್ತಾಗೈತ್ರಿ ಅಕ್ಕಾರ.”

ರಾಜೇಶ್ವರಮ್ಮ ಸುತ್ತ ನೋಡಿ ದನಿ ತಗ್ಗಿಸಿದರು. “ಅಯ್ಯ, ಯಾರು ಹೇಳಿದ್ರು? ಗದ್ಲ ಮಾಡಬ್ಯಾಡ್ರಿ ತಾಯಿ. ಬೆದರಿ ಓಡಿಹೋದೀತು.”

“ಓಡಿಹೋಗ್ಲಿ ಬಿಡ್ರಿ! ಪೀಡೆ ಹೋತು ಅನ್ನಿ.”

“ಹಂಗನ್ನಬಾರದ್ರಿ. ಆಮ್ಯಾಲ ಆ ಎರಡು ಕೂಸಿನ ಗತಿ?”

“ಎರಡಾ?!”

“ಎರಡು ರೀ. ಇನ್ನೊಂದು ವಾರದಾಗ ಆದಾವು. ನಾನಾ ನಿಂತು ನೋಡ್ಕಂತೀನಿ,” ಎಂದು ರಾಜೇಶ್ವರಮ್ಮ ಮುಖ ಅರಳಿಸಿ ಹೇಳಿದರು.

ಉಚ್ಚಂಗಮ್ಮ ಖಾಲಿ ಕೊಡ ಹೊತ್ತುಕೊಂಡೇ ಮನೆಗೆ ಬಂದರು. ಸವತಿಯ ಬಾಣಂತನಕ್ಕೆ ಇಷ್ಟು ಸಂತೋಷದಿಂದ ನಿಂತ ಹೆಂಗಸನ್ನು ಅವರು ಪುರಾಣದಲ್ಲೂ ಕೇಳಿರಲಿಲ್ಲ. ಸುದ್ದಿ ಮರುದಿನದ ಬಸ್ಸಿನಲ್ಲಿ ಸೊರಬಕ್ಕೂ, ಅಲ್ಲಿಂದ ಬಸ್ಸು ಬದಲಾಯಿಸಿ ಜಡೆಗೂ ಹೋಯಿತು. ಬಸ್ಸಿನಲ್ಲಿ ಹೋಗುವ ಸುದ್ದಿಯ ಗುಣವೇನೆಂದರೆ, ಅದು ಪ್ರತಿಯೊಂದು ನಿಲ್ದಾಣದಲ್ಲೂ ಇಳಿದು ಏನಾದರೂ ತಿಂದು ಮತ್ತೆ ಹತ್ತುತ್ತದೆ.

ಇತ್ತ ಗುರುಮಲ್ಲಪ್ಪನವರು ಮೂರು ಸಲ ಕೇಳಿ, ಮೂರು ಸಲವೂ ಅರ್ಧ ವಾಕ್ಯವನ್ನೇ ಉತ್ತರವಾಗಿ ಪಡೆದು, ಕೊನೆಗೆ ತಾಲೂಕು ಕಚೇರಿಯ ಅಮಲ್ದಾರರಿಗೆ ಅರ್ಜಿ ಕೊಟ್ಟರು: ಬೆನಕಪ್ಪ ಎಂಬುವವರು ಸರ್ಕಾರಿ ರಸ್ತೆಯಲ್ಲಿ ಹದಿನಾರು ಕಂಬ ನೆಟ್ಟು ಕೀಳದೆ ಸಾರ್ವಜನಿಕರಿಗೆ ಅಡ್ಡಿ ಮಾಡಿರುತ್ತಾರೆ. ಅಮಲ್ದಾರರು ಮೈಸೂರು ಕಡೆಯವರು, ಮರ್ಯಾದಸ್ಥರು, ಮೊದಲು ಸಹಿ ಮಾಡಿ ಆಮೇಲೆ ಓದುವವರು. ಅಂದು ಓದಲು ಪುರಸೊತ್ತಾಗಲಿಲ್ಲ. ಅಂಚಿನಲ್ಲಿ “ಬೆನಕಪ್ಪ, ಕ್ರಮ ಜರುಗಿಸಿ” ಎಂದು ಬರೆದು ಕಳಿಸಿದರು. ಒತ್ತುವರಿಯ ಕಡತಗಳೆಲ್ಲ ಹದಿನೆಂಟು ವರ್ಷದಿಂದ ಬೆನಕಪ್ಪನವರ ಮೇಜಿಗೇ ಬರುತ್ತಿದ್ದವು.

ಬೆನಕಪ್ಪನವರು ಅರ್ಜಿ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಕರ್ತವ್ಯವನ್ನು ನೆನೆದು ನೋಟೀಸು ಬರೆದರು: “ಶ್ರೀ ಬೆನಕಪ್ಪನವರಿಗೆ ತಿಳಿಯಪಡಿಸುವುದೇನೆಂದರೆ, ತಾವು ಸರ್ಕಾರಿ ರಸ್ತೆಯನ್ನು ಹಂದರದಿಂದ ಆಕ್ರಮಿಸಿರುವುದು ಕಂಡುಬಂದಿದ್ದು, ಮೂರು ದಿನದೊಳಗೆ ಸಮಜಾಯಿಷಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಕಠಿಣ ಕ್ರಮ ಜರುಗಿಸಲಾಗುವುದು.” ಕೊನೆಯ ವಾಕ್ಯ ಓದಿಕೊಂಡಾಗ ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹದಿನೆಂಟು ವರ್ಷ ಬೇರೆಯವರಿಗೆ ಬರೆದ ವಾಕ್ಯ ಅದು, ಹೀಗಿರುತ್ತದೆಂದು ಗೊತ್ತಿರಲಿಲ್ಲ.

ಜವಾನ ಶೇಷಪ್ಪ ನೋಟೀಸು ತೆಗೆದುಕೊಂಡು ಮೇಜಿನ ಈ ಕಡೆಯಿಂದ ಆ ಕಡೆಗೆ ಬಂದು ನಿಂತ.

“ಸ್ವಾಮಿ, ಇಲ್ಲೇ ಸಹಿ ಹಾಕ್ರಲ್ಲ.”

“ಆಗಂಗಿಲ್ಲೋ ಶೇಷಪ್ಪ. ವಾಸದ ಮನೀ ಮುಂದ ಜಾರಿ ಆಗಬೇಕು.”

ಇಬ್ಬರೂ ಬಿಸಿಲಿನಲ್ಲಿ ಮನೆಗೆ ನಡೆದರು. ಬೆನಕಪ್ಪನವರು ಜಗಲಿ ಹತ್ತಿ ನಿಂತು ನೋಟೀಸು ಸ್ವೀಕರಿಸಿ, ಸಹಿ ಮಾಡಿ, ಶೇಷಪ್ಪನಿಗೆ ನೀರು ಮಜ್ಜಿಗೆ ಕೊಟ್ಟು, ಅವನ ಜೊತೆಯಲ್ಲೇ ಕಚೇರಿಗೆ ವಾಪಸು ಬಂದರು. ಎದುರುಮನೆಯ ಕಿಟಕಿಯಿಂದ ಇದನ್ನು ನೋಡಿದ ಉಚ್ಚಂಗಮ್ಮ, “ಲಗ್ನದ ರಿಜಿಸ್ಟ್ರಿ ಆತು,” ಎಂದರು.

ಈಗ ಸಮಜಾಯಿಷಿಯ ಪ್ರಶ್ನೆ. ಬಾಯಿ ಬಿಡಬಾರದೆಂದು ಹೆಂಡತಿಯ ಆಣೆ ಇತ್ತು, ಬರೆಯಬಾರದೆಂದು ಇರಲಿಲ್ಲ. ಮೇಲಾಗಿ ಸರ್ಕಾರದ ಕಾಗದದ ಮೇಲೆ ಮುಚ್ಚುಮರೆ ಮಾಡುವುದು ಬೆನಕಪ್ಪನವರಿಂದ ಆಗುವ ಕೆಲಸವಲ್ಲ. ಮೂರು ದಿನ ತೆಗೆದುಕೊಂಡು, ಗೂಡಿನಿಂದ ಮೊದಲ ಚಿಲಿಪಿಲಿ ಕೇಳಿಸಿದ ದಿನ ಕೂತು ಬರೆದರು:

“ಸದರಿ ಹಂದರದಲ್ಲಿ ಒಂದು ಜೊತೆ ಹಕ್ಕಿಗಳು ವಾಸವಾಗಿರುತ್ತವೆ. ಗಂಡು: ನೆತ್ತಿ ಹಸಿರು, ಬೆನ್ನು ಕೆಂಗಂದು, ಹೊಟ್ಟೆ ಹಳದಿ. ಹೆಣ್ಣು: ಸಾಧಾರಣ. ಇಟ್ಟಿದ್ದ ಎರಡು ಮೊಟ್ಟೆಗಳು ಈ ದಿನ ಮರಿಗಳಾಗಿರುತ್ತವೆ. ಅವು ಹಾರುವ ತನಕ ಹಂದರ ಬಿಚ್ಚುವುದಿಲ್ಲವೆಂದು ಈ ಗುಮಾಸ್ತನು ಹೆಂಡತಿಗೆ ಮಾತು ಕೊಟ್ಟಿರುತ್ತಾನೆ. ಮಗಳು ಗಂಡನ ಮನೆಗೆ ಹೋದಂದಿನಿಂದ ಊಟ ಬಿಟ್ಟಿದ್ದ ಆಕೆ ಸದರಿ ಹಕ್ಕಿಯ ದೆಸೆಯಿಂದ ಊಟ ಮಾಡುತ್ತಿದ್ದಾಳೆ. ಸದರಿ ಹಕ್ಕಿಗೆ ಈ ಗುಮಾಸ್ತನು ಋಣಿಯಾಗಿರುತ್ತಾನೆ. ದಯಮಾಡಿ ಹದಿನೈದು ದಿನ ಅವಕಾಶ ಕೊಡಬೇಕು. ಬರೆದದ್ದೆಲ್ಲ ಸತ್ಯ.”

ಅಮಲ್ದಾರರು ಸಹಿ ಹಾಕಲು ಪೆನ್ನು ಎತ್ತಿದವರು, ಅದೇನು ಕಣ್ಣಿಗೆ ಬಿತ್ತೋ, ಸೇವೆಯಲ್ಲಿ ಮೊದಲ ಬಾರಿಗೆ ಸಹಿಗೆ ಮುಂಚೆ ಓದಿದರು. ಮೂರು ಸಲ ಓದಿ, “ಸ್ಥಳ ತನಿಖೆ ಮಾಡಬೇಕು ಕಣ್ರೀ ಬೆನಕಪ್ಪ. ನಾಳೆ ಬೆಳಿಗ್ಗೆ ನಾನೇ ಬರ್ತೀನಿ,” ಎಂದರು.

ಮರುದಿನ ಬೆಳಿಗ್ಗೆ ಅಮಲ್ದಾರರಿಗಿಂತ ಮುಂಚೆ ಬಂದದ್ದು ಸೊರಬದ ಬಸ್ಸು. ಅದರಿಂದ ಇಳಿದವರು ಬೆನಕಪ್ಪನವರ ಅಕ್ಕ ಬಸವಣ್ಣೆಮ್ಮ. ಅವರನ್ನು ಕೊಟ್ಟದ್ದೂ ಜಡೆಗೇ. ಅವರ ಹಿಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನೀಲಾಂಬಿಕ. ಹೊಸ ಸೊಸೆಯನ್ನು ಆಷಾಢದ ತನಕ ತವರಿಗೆ ಕಳಿಸುವುದಿಲ್ಲ ಎಂದಿದ್ದ ಬೀಗರು, “ನಿಮ್ಮಪ್ಪಂಗೆ ಬುದ್ಧಿ ಹೇಳಿ ಬಾ ತಂಗಿ,” ಎಂದು ತಾವೇ ಬಸ್ಸು ಹತ್ತಿಸಿದ್ದರು.

“ಎಲ್ಲಿದಾಳೋ ಅವ್ಳು?” ಬಸವಣ್ಣೆಮ್ಮ ಹಂದರದ ಕೆಳಗೆ ನಿಂತು ಗರ್ಜಿಸಿದರು. ಓಣಿಯ ಇಪ್ಪತ್ತೆರಡು ಬಾಗಿಲೂ ತೆರೆದವು. “ಹೊರಗೆ ಕರಿ! ಒಂದು ಸಲ ಮುಖ ನೋಡ್ತೀನಿ. ಹಲ್ಲು ಉದುರೋ ಕಾಲಕ್ಕೆ ಎಂತ ಬಂತೋ ನಿಂಗೆ ಮಾರಾಯ?”

“ಅಕ್ಕಾ, ಮೆಲ್ಲಗ. ಎರಡೂ ಮಲಗ್ಯಾವ…”

“ಮಲಗಿದಾವಾ? ಹುಟ್ಟೇ ಬಿಟ್ವೇನೋ!” ಬಸವಣ್ಣೆಮ್ಮ ತಂದಿದ್ದ ಗಂಟಿನ ಮೇಲೇ ಕುಸಿದು ಕೂತರು.

“ಅಪ್ಪಾ, ನಂಗಿಂತ ಸಣ್ಣಾಕಿ ಅಂತಲ್ಲಪ್ಪಾ!” ಎಂದು ನೀಲಾಂಬಿಕ ಜೋರಾಗಿ ಅತ್ತಳು.

ಆ ದನಿ ಕೇಳಿ ರಾಜೇಶ್ವರಮ್ಮ ಒಳಗಿನಿಂದ ಓಡಿಬಂದರು. ಒಂದು ಕೈಯಿಂದ ಮಗಳನ್ನು ಬಾಚಿ ತಬ್ಬಿಕೊಂಡರು. ಇನ್ನೊಂದು ಕೈಯಿಂದ, ಹಕ್ಕಿ ಬೆದರೀತೆಂದು, ಅವಳ ಬಾಯಿ ಮುಚ್ಚಿದರು. ಮುಚ್ಚಿದ ಬಾಯಿಯಿಂದ ಮಗಳೂ, ತೆರೆದ ಬಾಯಿಯಿಂದ ಸದ್ದಿಲ್ಲದೆ ತಾಯಿಯೂ ಅಳುತ್ತಾ ನಿಂತಿರುವಾಗ ಅಮಲ್ದಾರರು ಶೇಷಪ್ಪನ ಜೊತೆ ಬಂದರು. ಜನ ದಾರಿ ಬಿಟ್ಟರು. ಎರಡನೆಯ ಮದುವೆಗೆ ಈಗ ಕಾಯಿದೆಯ ಅಡ್ಡಿ ಇದೆ, ಹಿಡಿದುಕೊಂಡು ಹೋಗಲು ಬಂದಿದ್ದಾರೆ ಎಂದು ಹಿಂದಿನವರು ಮುಂದಿನವರಿಗೆ ಹೇಳಿದರು.

“ಎಲ್ರೀ ಅದು?” ಎಂದರು ಅಮಲ್ದಾರರು.

ಬೆನಕಪ್ಪನವರು ಬೆರಳು ಮೇಲೆತ್ತಿದರು.

ಓಣಿಯೆಲ್ಲ ತಲೆ ಎತ್ತಿತು. ಅದೇ ಹೊತ್ತಿಗೆ ಗಂಡು ಹಕ್ಕಿ ಕೊಕ್ಕಿನಲ್ಲಿ ಒಂದು ಜೇಡ ಕಚ್ಚಿಕೊಂಡು ಬಂದು ತೋರಣದ ದಾರದ ಮೇಲೆ ಕೂತಿತು. ಎಳೆಬಿಸಿಲು ನೆತ್ತಿಗೆ ಬಿದ್ದು, ಹಸಿರೋ ನೀಲಿಯೋ ಹೇಳಲಾಗದಂತೆ ಮಿಂಚಿತು. ಗೂಡಿನೊಳಗಿಂದ ಸೂಜಿಮೊನೆಯಷ್ಟು ಸಣ್ಣ ಎರಡು ದನಿ. ಜೇಡ ಒಳಗೆ ಹೋಯಿತು. ಹಕ್ಕಿ ದಾಸವಾಳಕ್ಕೆ ಇಳಿದು, ತಲೆಕೆಳಗಾಗಿ ತೂಗಿ ಒಂದು ಗುಟುಕು ಕುಡಿದು, ಇಷ್ಟು ಜನವನ್ನೂ ಲೆಕ್ಕಕ್ಕೇ ಇಡದೆ ಹಾರಿಹೋಯಿತು.

“ಇಷ್ಟಕ್ಕಾ?” ಎಂದರು ಬಸವಣ್ಣೆಮ್ಮ. “ಎರಡು ಬಸ್ಸು ಬದಲಾಯಿಸಿ ಬಂದಿದ್ದು ಇಷ್ಟಕ್ಕಾ?”

ಅಮಲ್ದಾರರು ಸಮಜಾಯಿಷಿಯನ್ನು ಗಟ್ಟಿಯಾಗಿ ಓದಿದರು. ರಾಜೇಶ್ವರಮ್ಮ ಕೈ ಮುಗಿದು ಬೇಡಿಕೊಂಡ ಮೇಲೆ ಸಾಹೇಬರು ಮೆಲ್ಲಗೆ ಓದಿದರು. ಹೆಂಡತಿಯ ಊಟದ ಸಾಲು ಬಂದಾಗ ಉಚ್ಚಂಗಮ್ಮ ನೆಲ ನೋಡಿದರು. ಬೆನಕಪ್ಪನವರು ಯಾವ ಕಡೆ ನೋಡುವುದೆಂದು ತಿಳಿಯದೆ ಶೇಷಪ್ಪನನ್ನು ನೋಡಿದರು.

ಗುರುಮಲ್ಲಪ್ಪನವರು ಮುಂದೆ ಬಂದರು. “ಸಾಹೇಬ್ರ, ಹಕ್ಕಿ ಸರಿ. ನನ್ನ ಮಗಳ ಮದುವಿ ಎಂಟು ದಿನಕ್ಕೈತಿ. ನಾ ಹಂದ್ರ ಎಲ್ಲಿಂದ ತರ್ಲಿ?”

ಇದಕ್ಕೆ ಅಮಲ್ದಾರರ ಬಳಿ ನಿಯಮವಿರಲಿಲ್ಲ. ಗೂಡು ಕಿತ್ತರೆ ರಾಜೇಶ್ವರಮ್ಮ, ಕೀಳದಿದ್ದರೆ ಗುರುಮಲ್ಲಪ್ಪನವರು. ಆಗ ಉಚ್ಚಂಗಮ್ಮ ತಲೆ ಎತ್ತಿದರು. ಬಾವಿಕಟ್ಟೆಯಿಂದ ತಾವು ಹೊತ್ತು ತಂದ ಅವಳಿ ಕೂಸುಗಳ ಭಾರ ಇನ್ನೂ ಅವರ ತಲೆಯ ಮೇಲಿತ್ತು.

“ಹಂದ್ರ ಯಾಕ ಬರಬೇಕ್ರಿ? ನಮ್ಮ ಮದುವೀನಾ ಅಲ್ಲಿಗೆ ಹೋಗ್ಲಿ. ಹಾಲಗಂಬದಾಗ ಎರಡು ಕೂಸು ಆಡೋ ಹಂದ್ರ! ಇದಕಿಂತ ಶುಭ ಎಲ್ಲಿ ಸಿಗತೈತಿ? ಕೀಳ್ತೀನಿ ಅಂದೋರು ನನ್ನ ಮುಂದ ಬರ್ರಿ, ನೋಡ್ತೀನಿ!”

ರಾಜೇಶ್ವರಮ್ಮ ಹಾಕಿದ್ದು ಒಂದೇ ಷರತ್ತು. ಗದ್ದಲ ಕೂಡದು.

ಹೀಗೆ ನಮ್ಮ ಓಣಿಯಲ್ಲಿ ಒಂದು ಮದುವೆ ಪಿಸುಮಾತಿನಲ್ಲಿ ನಡೆಯಿತು. ವಾಲಗದವರನ್ನು ಎರಡು ಓಣಿ ಆಚೆಯ ಬಾವಿಕಟ್ಟೆಯಲ್ಲಿ ಕೂರಿಸಲಾಯಿತು. ತಾಳಿ ಕಟ್ಟುವ ಹೊತ್ತಿಗೆ ಇಲ್ಲಿಂದ ಒಬ್ಬರು ಟವಲು ಬೀಸುವುದು, ಮೂಲೆಯಲ್ಲಿ ನಿಂತ ಶೇಷಪ್ಪ ಅದನ್ನು ನೋಡಿ ತನ್ನ ಟವಲು ಬೀಸುವುದು, ಅವನನ್ನು ನೋಡಿ ಅವರು ಊದುವುದು. ಶೇಷಪ್ಪ ಒಮ್ಮೆ ಬೆವರು ಒರೆಸಿಕೊಳ್ಳಲು ಟವಲು ಎತ್ತಿದ್ದರಿಂದ ಅರ್ಧ ಗಂಟೆ ಮುಂಚೆಯೇ ಗಟ್ಟಿಮೇಳ ಕೇಳಿಸಿ, ಆ ಓಣಿಯವರು ಯಾರ ಮದುವೆಯೆಂದು ತಿಳಿಯದೆ ಅಕ್ಷತೆ ಹಿಡಿದು ಹೊರಗೆ ಬಂದರು. ನಮ್ಮಲ್ಲಿ ಅಯ್ಯನವರು ಮಂತ್ರವನ್ನು ಗುಟ್ಟು ಹೇಳಿದಂತೆ ಹೇಳಿದರು. ಜನ ಅಕ್ಷತೆಯನ್ನು ಎಸೆಯದೆ ಉದುರಿಸಿದರು.

ಗಂಡಿನ ತಂದೆ ಪರಮಶಿವಪ್ಪನವರು ಹಿರೇಕೆರೂರಿನವರು. ಹಿಂದೆ ಮೂರು ಮದುವೆಗಳಲ್ಲಿ ಊಟದ ಎಲೆಯಿಂದ ಎದ್ದುಹೋಗಿ ಹೆಸರು ಮಾಡಿದ್ದವರು. ಗುರುಮಲ್ಲಪ್ಪನವರ ನಿದ್ದೆಯನ್ನು ಒಂದು ತಿಂಗಳಿಂದ ಕೆಡಿಸಿದ್ದು ಹಂದರಕ್ಕಿಂತ ಹೆಚ್ಚಾಗಿ ಅವರೇ. ಊಟದ ಎರಡನೆಯ ಪಂಕ್ತಿಯಲ್ಲಿ ಅವರ ತಕರಾರು ಶುರುವಾಯಿತು.

“ಏನ್ರೀ ಇದು! ನಮ್ಮ ಕಡೇರಿಗೆ ಹೋಳಿಗಿ…”

“ಶ್!”

ಇನ್ನೂರು ಜನ ಒಟ್ಟಿಗೆ ತುಟಿಗೆ ಬೆರಳಿಟ್ಟು ಮೇಲೆ ತೋರಿಸಿದರು. ಎಲ್ಲರಿಗಿಂತ ಮುಂದೆ ಬಸವಣ್ಣೆಮ್ಮ. ಪರಮಶಿವಪ್ಪನವರು ಮೇಲೆ ನೋಡಿದರು, ಉಳಿದದ್ದನ್ನು ಪಿಸುಗುಟ್ಟಿದರು.

“ಕೇಳಸಲಿಲ್ರಿ,” ಎಂದು ಗುರುಮಲ್ಲಪ್ಪನವರೂ ಪಿಸುಗುಟ್ಟಿ ಕಿವಿ ಕೊಟ್ಟರು.

ಪರಮಶಿವಪ್ಪನವರು ಇನ್ನೊಮ್ಮೆ ಪಿಸುಗುಟ್ಟಿದರು. ಮೂರನೆಯ ಸಲ ಹೇಳುವಷ್ಟರಲ್ಲಿ ತಮ್ಮ ಸಿಟ್ಟಿನ ಗಾತ್ರ ತಮಗೇ ಕಾಣಿಸಿ, ಅವರಿಗೆ ನಗು ಬಂತು. ಬಾಯಿಗೆ ಶಲ್ಯ ಒತ್ತಿಕೊಂಡು ನಕ್ಕರು. ಕೈಬೀಸಿ ಹೋಳಿಗೆ ತರಿಸಿದರು. ಪಿಸುಮಾತಿನಲ್ಲಿ ಸಿಟ್ಟು ನಿಲ್ಲುವುದಿಲ್ಲವೆಂಬುದು ಶಿಕಾರಿಪುರಕ್ಕೆ ಅಂದೇ ಗೊತ್ತಾದದ್ದು. ಜಗಳವಿಲ್ಲದೆ ಮುಗಿದ ಮದುವೆಯ ಸಂಜೆ ಗುರುಮಲ್ಲಪ್ಪನವರು, ಯಾರೂ ನೋಡುತ್ತಿಲ್ಲವೆಂದುಕೊಂಡು, ಹಾಲಗಂಬದ ಕೆಳಗೆ ಮುಂಡಾಸು ತೆಗೆದು ಕೈ ಮುಗಿದರು.

ನೀಲಾಂಬಿಕ ಒಂಬತ್ತು ದಿನ ತಾಯಿಯ ಮಗ್ಗುಲಲ್ಲಿದ್ದು, ಮದುವೆಯ ಮರುದಿನ ಸೋದರತ್ತೆಯ ಜೊತೆ ಜಡೆಗೆ ಹೊರಟಳು. ಗಂಡಹೆಂಡತಿ ಬಸ್ ಸ್ಟ್ಯಾಂಡಿಗೆ ಹೋಗಿ ಹತ್ತಿಸಿ ಬಂದರು.

ಆರು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಕಚೇರಿಯಲ್ಲಿ ಶೇಷಪ್ಪ ಬಂದು, “ಸ್ವಾಮಿ, ಹಾರಿಹೋದ್ವಂತ್ರೀ, ಎರಡೂ,” ಎಂದ.

ಬೆನಕಪ್ಪನವರು ಪೆನ್ನು ಮುಚ್ಚಲಿಲ್ಲ, ರಜೆ ಕೇಳಲಿಲ್ಲ. ಮಗಳೂ ಹೋದಳು, ಹಕ್ಕಿಯೂ ಹೋಯಿತು. ಇನ್ನು ಹೆಂಡತಿಗೆ ಜಗಲಿಯ ಕಂಬವೇ ಗತಿ ಎಂದು ಬಿಸಿಲಿನಲ್ಲಿ ಬರಿದಲೆಯಲ್ಲಿ ಓಡಿದರು. ಹದಿನೆಂಟು ವರ್ಷದಲ್ಲಿ ಅವರು ಓಡಿದ್ದನ್ನು ಕಂಡವರಿರಲಿಲ್ಲ.

ಮನೆಯ ಮುಂದೆ ಹಂದರ ಅರ್ಧ ಬಿಚ್ಚಿಯಾಗಿತ್ತು. ರಾಜೇಶ್ವರಮ್ಮ ಸೆರಗು ಸೊಂಟಕ್ಕೆ ಸಿಗಿಸಿ, ಗಳ ಇಳಿಸುವ ಆಳುಗಳಿಗೆ ಹೇಳುತ್ತಾ ನಿಂತಿದ್ದರು. ಗಂಡನನ್ನು ನೋಡಿ, “ಹಿಂಗ್ಯಾಕ ಓಡಿಬಂದ್ರಿ, ಬೆಂಕಿ ಬಿದ್ದೈತೇನು?” ಎಂದರು.

ಬೆನಕಪ್ಪನವರಿಗೆ ಉಸಿರು ಸಾಲದೆ ಅರ್ಧ ವಾಕ್ಯವೂ ಹೊರಡಲಿಲ್ಲ.

“ಹೋದ್ವು ರೀ. ಒಂದಾದ್ರೂ ತಿರುಗಿ ನೋಡೀತು ಅಂತ ನಿಂತಿದ್ದೆ. ಊಹೂಂ, ಆ ಕಡಿಗೇ ಹೋದ್ವು. ನಮ್ಮ ನೀಲಾನಾ ವಾಸಿ ನೋಡ್ರಿ. ಬಸ್ಸಿನ ಕಿಟಕಿಯಿಂದ ಮೂರು ಸಲ ತಿರುಗಿ ನೋಡಿದ್ಲು.”

“ನಾಕು,” ಎಂದರು ಬೆನಕಪ್ಪನವರು.